ಚಿಯಾಂಗ್ ಮಾಯ್‌ಗೆ ಹೊರಟಿದ್ದೀರಾ? ಮೊದಲು ತಿಂಗಳು ಆರಿಸಿ

ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್ ಪ್ರಾಂತ್ಯ ನೋಡುವ ಆಸೆಯಿದ್ದರೆ ಟಿಕೆಟ್ ಹುಡುಕುವ ಮುಂಚೆ ಕ್ಯಾಲೆಂಡರ್ ತೆಗೆದು ಕೂರಿ. ದೇವಸ್ಥಾನಗಳು ವರ್ಷವಿಡೀ ಅಲ್ಲೇ ಇರುತ್ತವೆ. ಆದರೆ ಜಲಪಾತದಲ್ಲಿ ನೀರು, ಬೆಟ್ಟದ ಮೇಲಿಂದ ತಿಳಿಯಾದ ನೋಟ, ಊರ ತುಂಬ ಹಬ್ಬ, ಮೂರೂ ಒಟ್ಟಿಗೆ ಬೇಕೆಂದರೆ ನವೆಂಬರ್‌ನಲ್ಲೇ ಹೋಗಬೇಕು.

ಜುಲೈಯಿಂದ ಅಕ್ಟೋಬರ್‌ವರೆಗೆ ಜಲಪಾತಗಳು ಭೋರ್ಗರೆಯುತ್ತವೆ, ಆದರೆ ಬೆಟ್ಟ ಮೋಡದೊಳಗೆ ಮುಳುಗಿರುತ್ತದೆ. ಫೆಬ್ರವರಿ ಮಧ್ಯದಿಂದ ಏಪ್ರಿಲ್‌ವರೆಗೆ ಇನ್ನೊಂದು ಕಾಟ. ಹೊಲದ ಕೂಳೆಗೆ ಇಟ್ಟ ಬೆಂಕಿ, ಕಾಡ್ಗಿಚ್ಚು ಎರಡೂ ಸೇರಿ ಕಣಿವೆಯಲ್ಲಿ ಹೊಗೆ ಕಟ್ಟಿಕೊಳ್ಳುತ್ತದೆ. ಉಬ್ಬಸ ಇರುವವರು, ಚಿಕ್ಕ ಮಕ್ಕಳಿರುವವರು ಆಗ ಹೋಗದಿರುವುದೇ ಒಳ್ಳೆಯದು.

ತಲುಪುವುದು

ಬೆಂಗಳೂರಿನಿಂದ ಬ್ಯಾಂಕಾಕ್‌ಗೆ ನೇರ ವಿಮಾನವಿದೆ. ಅಲ್ಲಿಂದ ಇನ್ನೊಂದು ವಿಮಾನ ಹತ್ತಿದರೆ ಒಂದೂಕಾಲು ಗಂಟೆ. ನನ್ನನ್ನು ಕೇಳಿದರೆ, ಹೋಗುವಾಗಲಾದರೂ ರಾತ್ರಿಯ ಸ್ಲೀಪರ್ ರೈಲು ಹಿಡಿಯಿರಿ. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ, ಬೆಳಗ್ಗೆ ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಕಾಡು. ರೈಲು ಹೊರಡುವುದು ಕ್ರುಂಗ್ ಥೆಪ್ ಅಪಿವತ್ ನಿಲ್ದಾಣದಿಂದ. ಹಳೆಯ ಹುವಾ ಲಂಪೋಂಗ್‌ಗೆ ಹೋಗಿ ನಿಂತರೆ ರೈಲು ತಪ್ಪಿತೆಂದೇ ಲೆಕ್ಕ.

2025ರ ಮೇ 1ರಿಂದ ಎಲ್ಲ ವಿದೇಶಿಯರೂ ಡಿಜಿಟಲ್ ಆಗಮನ ಕಾರ್ಡ್ ತುಂಬಬೇಕು. ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬಿದರಾಯಿತು. ಇದು ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ.

ಹಳೇ ಊರು ನಡೆದೇ ನೋಡಿ

1296ರಲ್ಲಿ ಮೆಂಗ್ರಾಯ್ ದೊರೆ ಕಟ್ಟಿದ ಊರಿದು, ಆಗಿನ ಲಾನ್ನಾ ರಾಜ್ಯದ ರಾಜಧಾನಿ. ಸುತ್ತ ಚೌಕಾಕಾರದ ಕಂದಕ, ಒಂದೊಂದು ಬದಿ ಸುಮಾರು ಒಂದೂವರೆ ಕಿಲೋಮೀಟರ್. ಇದರೊಳಗೆ ಹೆಜ್ಜೆಗೊಂದು ವಾಟ್, ಅಂದರೆ ಬೌದ್ಧ ದೇವಾಲಯ. ಎಲ್ಲವನ್ನೂ ನೋಡಲು ಹೊರಟರೆ ಮೂರನೆಯದರ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣತೊಡಗುತ್ತವೆ. ಎರಡು ಸಾಕು.

ಒಂದು, ವಾಟ್ ಚೆದಿ ಲುವಾಂಗ್. ಇಲ್ಲಿನ ಇಟ್ಟಿಗೆಯ ಮಹಾಸ್ತೂಪದ ತುದಿ 1545ರ ಭೂಕಂಪದಲ್ಲಿ ಉರುಳಿತು. ಇವತ್ತು ಬ್ಯಾಂಕಾಕ್‌ನಲ್ಲಿರುವ ಪ್ರಸಿದ್ಧ ಪಚ್ಚೆ ಬುದ್ಧ ಒಂದು ಕಾಲಕ್ಕೆ ಇದ್ದದ್ದು ಇಲ್ಲೇ. ಆವರಣದಲ್ಲೇ ಊರಿನ ರಕ್ಷಕ ಕಂಬದ ಗುಡಿಯಿದೆ, ಅದರೊಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಇನ್ನೊಂದು, ವಾಟ್ ಫ್ರಾ ಸಿಂಗ್. ಭಾನುವಾರ ಹೋದರೆ ಸಂಜೆ ಅದರ ಮುಂದಿನ ರಸ್ತೆಯೇ ಸಂತೆಯಾಗುತ್ತದೆ.

ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ. ಬುದ್ಧನ ಮುಂದೆ ಕಾಲು ಚಾಚಿ ಕೂರಬೇಡಿ. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ಅವರ ಕೈಗೆ ನೇರವಾಗಿ ಏನನ್ನೂ ಕೊಡಬಾರದು.

ಬೆಟ್ಟದ ದೇವಸ್ಥಾನ

ಮರುದಿನ ಬೆಳಗ್ಗೆ ಬೇಗ ಎದ್ದು ಡೊಯ್ ಸುತೆಪ್‌ಗೆ ಹೊರಡಿ. ಡೊಯ್ ಎಂದರೆ ಬೆಟ್ಟ. ಬುದ್ಧನ ಅವಶೇಷವೊಂದನ್ನು ಬಿಳಿ ಆನೆಯ ಬೆನ್ನ ಮೇಲಿಟ್ಟು ಬಿಟ್ಟರಂತೆ. ಆನೆ ಬೆಟ್ಟ ಹತ್ತಿ, ಘೀಳಿಟ್ಟು, ಅಲ್ಲೇ ಪ್ರಾಣ ಬಿಟ್ಟಿತಂತೆ. ಸ್ತೂಪ ಎದ್ದದ್ದು ಆ ಜಾಗದಲ್ಲಿ ಎನ್ನುತ್ತದೆ ಸ್ಥಳಪುರಾಣ.

ಮೇಲಕ್ಕೆ ಹೋಗಲು ಕೆಂಪು ಬಣ್ಣದ ಸಾಂಗ್‌ತೇವ್ ಸಿಗುತ್ತದೆ, ಎದುರುಬದುರು ಎರಡು ಬೆಂಚಿನ ಪಿಕಪ್ ವ್ಯಾನು. ಹತ್ತುವ ಮೊದಲೇ ರೇಟು ಮಾತಾಡಿ. ನೀವು ಹೋಗುವ ಈ ರಸ್ತೆಗೂ ಒಂದು ಕಥೆಯಿದೆ. ಕ್ರೂಬಾ ಶ್ರೀವಿಚಾಯ್ ಎಂಬ ಭಿಕ್ಷುವಿನ ಮಾತಿಗೆ ಜನರೇ ಗುದ್ದಲಿ ಹಿಡಿದು ಬಂದು, 1934ರ ನವೆಂಬರ್‌ನಲ್ಲಿ ಶುರುಮಾಡಿ 1935ರ ಏಪ್ರಿಲ್‌ಗೆ ಮುಗಿಸಿದ ರಸ್ತೆಯಿದು. ಬೆಟ್ಟದ ಬುಡದಲ್ಲಿ ಅವರ ಪ್ರತಿಮೆಯಿದೆ. ಊರಿನವರು ಅಲ್ಲಿ ಕೈಮುಗಿದೇ ಮೇಲೆ ಹೋಗುತ್ತಾರೆ. ವ್ಯಾನು ಇಳಿದ ಮೇಲೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು, ಎರಡೂ ಬದಿಗೆ ಉದ್ದಕ್ಕೂ ಮಲಗಿದ ನಾಗಗಳು. ಮಂಡಿನೋವಿದ್ದರೆ ಪಕ್ಕದಲ್ಲೇ ಟ್ರಾಲಿಯಿದೆ. ಚಿನ್ನದ ಬಣ್ಣದ ಸ್ತೂಪಕ್ಕೆ ನಮ್ಮ ಹಾಗೆಯೇ ಬಲಗಡೆಯಿಂದ ಪ್ರದಕ್ಷಿಣೆ.

ಜಲಪಾತ

ಬುವಾ ಟೋಂಗ್‌ಗೆ ತಪ್ಪದೆ ಹೋಗಿ. ಊರಿನಿಂದ ಉತ್ತರಕ್ಕೆ ಸುಮಾರು 60 ಕಿಲೋಮೀಟರ್. ಬಂಡೆಯ ಮೇಲೆ ನೀರು ಹರಿಯುತ್ತಿರುವಾಗಲೇ ಬರಿಗಾಲಲ್ಲಿ ಹತ್ತಬಹುದು, ಜಾರುವುದಿಲ್ಲ! ನೀರಿನಲ್ಲಿರುವ ಸುಣ್ಣದ ಅಂಶ ಬಂಡೆಯ ಮೇಲೆ ಪದರ ಕಟ್ಟಿ ಒರಟಾಗುತ್ತದೆ, ಪಾಚಿಗೆ ಅಲ್ಲಿ ಸುಲಭಕ್ಕೆ ಹಿಡಿತ ಸಿಗುವುದಿಲ್ಲ. ಹಸಿರು ಕಂಡಲ್ಲಿ ಮಾತ್ರ ಕಾಲಿಡಬೇಡಿ. ಕಡಿದಾದ ಕಡೆ ಹಗ್ಗ ಕಟ್ಟಿದ್ದಾರೆ.

ಇನ್ನೊಂದು ದಿನವಿದ್ದರೆ ಡೊಯ್ ಇಂತನೋನ್. 2,565 ಮೀಟರ್, ಥಾಯ್ಲೆಂಡಿನ ಅತಿ ಎತ್ತರದ ಜಾಗ. ದಾರಿಯಲ್ಲಿ ವಚಿರತಾನ್ ಜಲಪಾತ ಸಿಗುತ್ತದೆ. ಸ್ವೆಟರ್ ಮರೆಯಬೇಡಿ, ಚಳಿಗಾಲದಲ್ಲಿ ತುದಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು.

ಹಬ್ಬದ ದಿನಗಳು

ನವೆಂಬರ್‌ನ ಹಬ್ಬ ಯೀ ಪೆಂಗ್, ಆಕಾಶಕ್ಕೆ ದೀಪ ಹಾರಿಸುವ ಹಬ್ಬ. ಬರುವುದು ಸಾಮಾನ್ಯವಾಗಿ ನಮ್ಮ ಕಾರ್ತಿಕ ಹುಣ್ಣಿಮೆಯ ಆಸುಪಾಸಿಗೇ. ಅದೇ ಹೊತ್ತಿಗೆ ಲೋಯ್ ಕ್ರಾಥೋಂಗ್ ಕೂಡ. ಬಾಳೆದಿಂಡಿನ ಬಿಲ್ಲೆಗೆ ಎಲೆ ಮಡಿಚಿ ಚುಚ್ಚಿ, ಹೂವು, ದೀಪ ಇಟ್ಟು ಪಿಂಗ್ ನದಿಯಲ್ಲಿ ತೇಲಿಬಿಡುತ್ತಾರೆ. ಫೋಟೋಗಳಲ್ಲಿ ಕಾಣುವ, ಸಾವಿರಾರು ದೀಪ ಒಟ್ಟಿಗೆ ಆಕಾಶಕ್ಕೇರುವ ದೃಶ್ಯ ಹೆಚ್ಚಾಗಿ ಊರ ಹೊರಗಿನ ಟಿಕೆಟ್ ಕಾರ್ಯಕ್ರಮಗಳದ್ದು, ದುಬಾರಿ. ದುಡ್ಡು ಕೊಡದೆಯೂ ಹಬ್ಬ ನೋಡಬಹುದು: ಹಳೇ ಊರಿನ ಥಾ ಪೇ ಬಾಗಿಲಿನ ಬಳಿ, ನದಿಯ ದಡದಲ್ಲಿ ಸುಮ್ನೆ ಓಡಾಡಿ. ಊರೊಳಗೆ ಆಕಾಶದೀಪ ಹಾರಿಸಲು ನಿರ್ಬಂಧವಿದೆ, ಕೇಳದೆ ಹಚ್ಚಬೇಡಿ. ಆ ರಾತ್ರಿಗಳಲ್ಲಿ ದೀಪಗಳಿಂದಾಗಿ ವಿಮಾನಗಳು ರದ್ದಾಗುತ್ತವೆ, ಸಂಜೆಯ ಟಿಕೆಟ್ ಬುಕ್ ಮಾಡಲೇಬೇಡಿ.

ಏಪ್ರಿಲ್‌ಗೇ ಹೋಗುತ್ತೇನೆ ಎನ್ನುವವರಿಗೆ 13ರಿಂದ 15ರವರೆಗೆ ಸೋಂಗ್‌ಕ್ರಾನ್, ಥಾಯ್ ಹೊಸ ವರ್ಷ. ಹೆಸರು ನಮ್ಮ ಸಂಕ್ರಾಂತಿಯದೇ, ಆದರೆ ಮಕರವಲ್ಲ, ಮೇಷ. ಕರಾವಳಿಯವರು ಬಿಸು ಕಣಿ ಇಡುವ ಹೊತ್ತು. ಕಂದಕದ ಸುತ್ತ ಯಾರು ಯಾರಿಗೆ ಬೇಕಾದರೂ ನೀರೆರಚುತ್ತಾರೆ, ಮೊಬೈಲ್ ಪ್ಲಾಸ್ಟಿಕ್ ಕವರಿನಲ್ಲಿರಲಿ.

ಸಸ್ಯಾಹಾರಿಗಳು ಊಟಕ್ಕೆ ಒಂದು ಪದ ಕಲಿತುಕೊಳ್ಳಿ: ಜೇ. ಬರೀ ಮಾಂಸ ಬೇಡವೆಂದರೆ ಮೀನಿನ ಸಾಸ್ ಬಂದೇ ಬರುತ್ತದೆ. ಜೇ ಊಟದಲ್ಲಿ ಅದೂ ಇಲ್ಲ, ಮೊಟ್ಟೆಯೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಧೈರ್ಯವಾಗಿ ಒಳಗೆ ಹೋಗಿ.