ಹೊಸ ಸೈಕಲ್, 18ರ ಸರಾಸರಿ: ಬೇಜಾರಾಗುವ ಮುಂಚೆ ಇದನ್ನು ಓದಿ

ಮೊದಲು ಅಂಕಿ ಹೇಳಿಬಿಡುತ್ತೇನೆ, ಆಮೇಲೆ ಮಾತು. ಹೊಸದಾಗಿ ರೋಡ್ ಬೈಕ್ (ಸಣ್ಣ ಟೈರಿನ, ಬಾಗಿದ ಹ್ಯಾಂಡಲ್‌ನ ಸೈಕಲ್) ತಗೊಂಡು, ಬೆಂಗಳೂರಿನ ಹೊರವಲಯದಲ್ಲಿ ಬೆಳಿಗ್ಗೆ ಒಬ್ಬರೇ 25-30 ಕಿ.ಮೀ. ತುಳಿಯುತ್ತಿದ್ದೀರಿ ಅಂದುಕೊಳ್ಳಿ. ಮೊದಲ ಒಂದೆರಡು ತಿಂಗಳು ಗಂಟೆಗೆ 18ರಿಂದ 22 ಕಿ.ಮೀ. ಸರಾಸರಿ ಬಂದರೆ ಎಲ್ಲ ಸರಿಯಾಗಿಯೇ ಇದೆ. ರೋಡ್ ಬೈಕಿಗೂ ಎಂಟಿಬಿಗೂ ನಡುವಿನ ಹೈಬ್ರಿಡ್ ಆದರೆ 16ರಿಂದ 20. ದಪ್ಪ ಟೈರಿನ ಎಂಟಿಬಿ (ಬೆಟ್ಟಗುಡ್ಡದ ಸೈಕಲ್) ಆದರೆ 14ರಿಂದ 18. ಊರೊಳಗೆ ಸಿಗ್ನಲ್, ಹಂಪು, ಬಸ್ಸಿನ ಹಿಂದೆ ನಿಂತು ಹೊಗೆ ಕುಡಿಯುವುದು ಎಲ್ಲ ಸೇರಿದರೆ ಯಾವ ಸೈಕಲ್ಲಾದರೂ 15ರ ಆಸುಪಾಸು. ವಾರಕ್ಕೆ ಮೂರು ದಿನ ತಪ್ಪದೆ ತುಳಿದರೆ ಆರು ತಿಂಗಳಲ್ಲಿ ರೋಡ್ ಬೈಕಿನಲ್ಲಿ 22-25ಕ್ಕೆ ಬರಬಹುದು. ಒಬ್ಬರೇ ಒಂದು ಗಂಟೆ ಪೂರ್ತಿ 30 ಹಿಡಿಯುವುದು ಬೇರೆಯೇ ಮಾತು. ಅದಕ್ಕೆ ವರ್ಷಗಟ್ಟಲೆ ಅಭ್ಯಾಸ ಬೇಕು, ಎಷ್ಟೋ ಜನ ಅಲ್ಲಿಗೆ ಹೋಗುವುದೇ ಇಲ್ಲ.

ಇವು ಜೊತೆಗೆ ತುಳಿದವರನ್ನು ನೋಡಿ ನಾನು ಹಾಕಿಕೊಂಡ ಅಂದಾಜು, ಶಾಸನವೇನಲ್ಲ. ಎರಡು ಕಿ.ಮೀ. ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ನನ್ನ ಮೊದಲ ರೈಡು ಯಲಹಂಕದಿಂದ ಹೆಸರಘಟ್ಟ ಕಡೆಗೆ. ಒಂದು ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿನ ಮೀಟರು 38 ತೋರಿಸಿತು. ಅಷ್ಟಕ್ಕೇ ನಾನು ದೊಡ್ಡ ರೇಸರ್ ಅಂದುಕೊಂಡು ಉಳಿದ ದಾರಿಯೆಲ್ಲ ಎದೆ ಉಬ್ಬಿಸಿಕೊಂಡು ತುಳಿದೆ. ಮನೆಗೆ ಬಂದು ನೋಡಿದರೆ 31 ಕಿ.ಮೀ., ಸರಾಸರಿ 17.9. ಮೀಟರ್ ಕೆಟ್ಟಿದೆ ಅನ್ನಿಸಿತು. ಚಕ್ರದ ಸುತ್ತಳತೆ ಸರಿಯಾಗಿ ಹಾಕಿದ್ದೀನಾ ಅಂತ ಮೂರು ಸಲ ನೋಡಿದೆ, ಟೈರಿಗೆ ದಾರ ಸುತ್ತಿ ಅಳತೆಪಟ್ಟಿಯಲ್ಲೂ ಅಳೆದೆ. ಮೀಟರು ಸರಿಯಾಗಿಯೇ ಇತ್ತು. ನನಗೆ ಗೊತ್ತಿಲ್ಲದೆ ಇದ್ದದ್ದು ಸರಾಸರಿಯ ಲೆಕ್ಕ.

ಆ ಲೆಕ್ಕ ನೋಡಿ. ಹೋಗುವಾಗ 20 ಕಿ.ಮೀ. 30ರ ವೇಗದಲ್ಲಿ ಹೋದಿರಿ, ಬರುವಾಗ ಸುಸ್ತಾಗಿ ಅದೇ 20 ಕಿ.ಮೀ. 20ರಲ್ಲಿ ಬಂದಿರಿ. ಸರಾಸರಿ 25 ಅಲ್ವಾ ಅಂತೀರಿ. ಹೋಗಲು 40 ನಿಮಿಷ, ಬರಲು 60 ನಿಮಿಷ, ಒಟ್ಟು 100 ನಿಮಿಷಕ್ಕೆ 40 ಕಿ.ಮೀ., ಅಂದರೆ 24. ಒಂದು ಕಿ.ಮೀ. ತಾನೇ ಅನ್ನಬಹುದು. ಹಾಗಾದರೆ ನಂದಿ ಬೆಟ್ಟಕ್ಕೆ ಬನ್ನಿ. ಬುಡದಿಂದ ಮೇಲಕ್ಕೆ ಸುಮಾರು 8 ಕಿ.ಮೀ. ಅಂತ ಇಟ್ಟುಕೊಳ್ಳೋಣ. ಹೊಸಬರು ಗಂಟೆಗೆ 10ರಲ್ಲಿ ಹತ್ತಿದರೆ 48 ನಿಮಿಷ. ಇಳಿಯುವುದು 40ರಲ್ಲಿ ಅಂದುಕೊಂಡರೂ ಮುಗಿಯುವುದು 12 ನಿಮಿಷದಲ್ಲಿ. ಒಂದು ಗಂಟೆಗೆ 16 ಕಿ.ಮೀ. ಆಯಿತು! ಏರು ತಿಂದ ಸಮಯವನ್ನು ಇಳಿಜಾರು ವಾಪಸ್ ಕೊಡುವುದಿಲ್ಲ, ಯಾಕೆಂದರೆ ನಿಧಾನವಾಗಿ ಹೋಗುವಾಗಲೇ ನೀವು ಜಾಸ್ತಿ ಹೊತ್ತು ರಸ್ತೆಯಲ್ಲಿ ಇರುತ್ತೀರಿ. (ಆ 40 ಲೆಕ್ಕಕ್ಕೆ ಮಾತ್ರ. ಸರಾಸರಿ ಏರಿಸಲು ನಂದಿಯ ತಿರುವುಗಳಲ್ಲಿ ಬ್ರೇಕ್ ಬಿಡುವವರನ್ನು ನೋಡಿದ್ದೇನೆ, ಎದುರಿಗೆ ಕಾರು ಬರುತ್ತೆ ಅನ್ನುವ ಯೋಚನೆಯೇ ಇರುವುದಿಲ್ಲ ಅವರಿಗೆ.)

ಹಾಗಾಗಿ ನಂದಿ ಹತ್ತಿ ಇಳಿದು 19 ತೋರಿಸಿದವರು, ಏರ್‌ಪೋರ್ಟ್ ರಸ್ತೆಯಲ್ಲಿ ಸುಮ್ನೆ ಹೋಗಿ ಬಂದು 24 ತೋರಿಸಿದವರಿಗಿಂತ ಗಟ್ಟಿ ಇರಬಹುದು. ಬೇರೆಯವರ ಅಂಕಿ ನೋಡುವ ಮುಂಚೆ ಅವರು ಎಷ್ಟು ಮೀಟರ್ ಏರಿದ್ದಾರೆ ಅಂತ ನೋಡಿ.

ಇನ್ನೊಂದು ಮೋಸ ಆ್ಯಪಿನದು. ರೈಡಿನ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್ ತೋರಿಸುವ ಸರಾಸರಿ ಚಕ್ರ ಉರುಳುತ್ತಿದ್ದ ಹೊತ್ತಿನದು ಮಾತ್ರ. ಚಹಾ ಕುಡಿದಿದ್ದು, ಫೋಟೋ ತೆಗೆದಿದ್ದು, ಸಿಗ್ನಲ್‌ನಲ್ಲಿ ನಿಂತಿದ್ದು ಅದರಲ್ಲಿ ಇಲ್ಲ. ಅದು ತಪ್ಪೇನಲ್ಲ. ಆದರೆ 30 ಕಿ.ಮೀ. ರೈಡಿಗೆ 20ರ ಲೆಕ್ಕ ಹಾಕಿ "ಒಂದೂವರೆ ಗಂಟೆಗೆ ಬರ್ತೀನಿ" ಅಂತ ಮನೆಯಲ್ಲಿ ಹೇಳಿ ಹೋದರೆ, ನಡುವೆ 20 ನಿಮಿಷ ನಿಂತಾಗ ನಿಜವಾದ ಸರಾಸರಿ 16ಕ್ಕೆ ಇಳಿದು ತಿಂಡಿ ಆರಿಹೋಗಿರುತ್ತದೆ. ಮನೆಗೆ ಹೇಳುವ ಲೆಕ್ಕ ಯಾವಾಗಲೂ ಗಡಿಯಾರದ್ದೇ ಇರಲಿ. ಇನ್ನು ನಿಂತ ಹೊತ್ತನ್ನು ಆ್ಯಪ್ ಬಿಟ್ಟರೂ, ಪ್ರತಿ ಸಿಗ್ನಲ್ಲಿಗೆ ನಿಧಾನ ಮಾಡಿ ಮತ್ತೆ ವೇಗ ಹಿಡಿಯುವ ಹೊತ್ತನ್ನು ಬಿಡುವುದಿಲ್ಲ, ಊರೊಳಗಿನ ಅಂಕಿ ಕೆಳಗಿಳಿಯುವುದು ಅಲ್ಲೇ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಸೈಕಲ್ ಬಿಡುವುದಿಲ್ಲ, ಸರ್ವೀಸ್ ರಸ್ತೆಯಲ್ಲೇ ಹೋಗಬೇಕು. ಅಲ್ಲಿ ಹಂಪು, ಎದುರು ಬರುವ ಸ್ಕೂಟರು, ದಾಟುವ ದನ ಎಲ್ಲ ಇರುತ್ತವೆ. ಹಳೆಯ ರೈಡುಗಳ ಜೊತೆ ಹೋಲಿಸಿ ಬೇಜಾರಾಗಬೇಡಿ.

ಗಾಳಿಯದು ದೊಡ್ಡ ಕಥೆ. ವೇಗ ಜಾಸ್ತಿಯಾದಂತೆ ಕಾಲು ಹಾಕಬೇಕಾದ ಶಕ್ತಿ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಅದಕ್ಕಿಂತ ಎಷ್ಟೋ ಜೋರಾಗಿ ಏರುತ್ತದೆ. ಸಮತಟ್ಟು ರಸ್ತೆಯಲ್ಲಿ 25ರಿಂದ 30ಕ್ಕೆ ಹೋಗಲು ಸುಮಾರು ಒಂದೂವರೆ ಪಟ್ಟು ಶಕ್ತಿ ಬೇಕು. 18ರಿಂದ 21ಕ್ಕೆ ತಿಂಗಳಲ್ಲಿ ಬಂದವರು 27ರಿಂದ 30ಕ್ಕೆ ವರ್ಷವಾದರೂ ಒದ್ದಾಡುವುದು ಇದಕ್ಕೇ. ಮಳೆಗಾಲದಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ, ಬಿಡದಿ ಕಡೆ ಹೋಗುವಾಗ ಯಾರೋ ಎದೆಗೆ ಕೈ ಇಟ್ಟು ತಳ್ಳಿದ ಹಾಗೆ. ಬರುವಾಗ ಬೆನ್ನಿಗೆ ಗಾಳಿ ಸಿಕ್ಕರೂ ಮೇಲೆ ಹೇಳಿದ ಲೆಕ್ಕವೇ, ಕಳೆದುಕೊಂಡಿದ್ದು ಪೂರ್ತಿ ಬರುವುದಿಲ್ಲ.

ಸರಿ, ನಿಮ್ಮ ನಿಜವಾದ ಅಂಕಿ ಕಂಡುಹಿಡಿಯುವುದು ಹೇಗೆ? ಹೆಚ್ಚು ಸಿಗ್ನಲ್ ಇಲ್ಲದ, ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುವಂತಹ 20-25 ಕಿ.ಮೀ. ರಸ್ತೆ ಒಂದನ್ನು ಆರಿಸಿಕೊಳ್ಳಿ. ಭಾನುವಾರ ಬೆಳಕು ಹರಿದ ಕೂಡಲೇ ಹೊರಡಿ. ಮೊದಲ ಐದು ಕಿ.ಮೀ. ಬೇಕೆಂದೇ ನಿಧಾನ. ಆಮೇಲೂ ಪಕ್ಕದಲ್ಲಿ ಯಾರಾದರೂ ಇದ್ದರೆ ಒಂದು ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಇರಬೇಕು, "ಹೂಂ", "ಉಹೂಂ" ಅಷ್ಟೇ ಬರುತ್ತಿದ್ದರೆ ಜೋರಾಯಿತು. ಮೀಟರಿನ ತೆರೆಯನ್ನು ಗಂಟೆ ಕಾಣುವ ಪುಟಕ್ಕೆ ಬದಲಿಸಿ, ವೇಗ ನೋಡಲೇಬೇಡಿ. ಹೀಗೆ ಮೂರು ಭಾನುವಾರ ಮಾಡಿ, ಮೂರು ಸರಾಸರಿಗಳಲ್ಲಿ ನಡುವಿನದನ್ನು ಬರೆದಿಡಿ. ಎರಡು ತಿಂಗಳು ಬಿಟ್ಟು ಅದೇ ರಸ್ತೆ, ಅದೇ ಹೊತ್ತು, ಅದೇ ಉಸಿರಿನಲ್ಲಿ ಮತ್ತೆ ತುಳಿಯಿರಿ. ಸರಾಸರಿ ಒಂದೂವರೆ ಕಿ.ಮೀ. ಏರಿದ್ದರೂ ಅದು ಒಳ್ಳೆಯ ಪ್ರಗತಿ.

ಬಿಟ್ಟಿ ವೇಗ ಬೇಕಾ? ಟೈರಿಗೆ ಗಾಳಿ ಹೊಡೆಯಿರಿ. ತಮಾಷೆಯಲ್ಲ. ಸಣ್ಣ ಟೈರಿನಲ್ಲಿ ವಾರಕ್ಕೇ ಗಾಳಿ ಇಳಿದಿರುತ್ತದೆ, ಬೆರಳಲ್ಲಿ ಒತ್ತಿದರೆ ಗೊತ್ತಾಗುವುದಿಲ್ಲ. 70 ಕೆಜಿಯವರಿಗೆ, ಒಳಗೆ ಟ್ಯೂಬ್ ಇರುವ 28 ಮಿ.ಮೀ. ಟೈರಿಗೆ 70-80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕು, ಇನ್ನೂ ಜಾಸ್ತಿ ತುಂಬಿದರೆ ನಮ್ಮ ರಸ್ತೆಯಲ್ಲಿ ಸೊಂಟಕ್ಕೇ ಏಟು. ರೋಡ್ ಬೈಕಿನ ವಾಲ್ವ್ ಸಪೂರ ಇರುತ್ತದೆ, ಪಂಕ್ಚರ್ ಅಂಗಡಿಯ ಪಂಪು ಹಿಡಿಯುವುದಿಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದು ಬ್ಯಾಗಿನಲ್ಲಿ ಸದಾ ಇರಲಿ. ಚೈನಿಗೆ ಎಣ್ಣೆ ಹಾಕಿ ಮೇಲೆ ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ. ಭಾರದ ಗೇರಿನಲ್ಲಿ ಮೊಣಕಾಲಿಗೆ ಹಿಂಸೆ ಕೊಡುವುದು ಬಿಟ್ಟು ಹಗುರದ ಗೇರಿಗೆ ಬನ್ನಿ, ನಿಮಿಷಕ್ಕೆ 80 ಸುತ್ತು ಪೆಡಲ್ ತಿರುಗಲಿ. ಮೊದಲು ವಿಚಿತ್ರ ಅನ್ನಿಸುತ್ತದೆ, ಎರಡು ವಾರ ತಡೆದುಕೊಳ್ಳಿ.

ಗುಂಪಿನ ರೈಡಿಗೆ ಕರೆದರೆ ಸರಾಸರಿ ಎಷ್ಟು ಅಂತ ನಾಚಿಕೆ ಬಿಟ್ಟು ಮೊದಲೇ ಕೇಳಿ. ಬೇರೆಯವರ ಹಿಂದೆ ಅಂಟಿಕೊಂಡು ತುಳಿದರೆ ಗಾಳಿ ಅವರೇ ಸೀಳುತ್ತಾರೆ, ನಿಮ್ಮ ಅಂಕಿ ಮೂರ್ನಾಲ್ಕು ಕಿ.ಮೀ. ಏರಿರುತ್ತದೆ, ಒಬ್ಬರೇ ಹೋದ ದಿನ ಅದನ್ನು ಹುಡುಕಿದರೆ ಸಿಗುವುದಿಲ್ಲ. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನವರು ಮೂರು ವಾರ 40ರ ಮೇಲೆ ಸರಾಸರಿ ಇಡುವುದರಲ್ಲೂ ಗುಂಪಿನ ಪಾಲು ಇದೆ. ಒಬ್ಬರೇ ತುಳಿದ ಇಟಲಿಯ ರೇಸರ್ ಫಿಲಿಪ್ಪೊ ಗನ್ನಾ 2022ರ ಅಕ್ಟೋಬರ್‌ನಲ್ಲಿ ಒಂದು ಗಂಟೆಗೆ 56.792 ಕಿ.ಮೀ. ಹೋದದ್ದು ಛಾವಣಿ ಇರುವ ವೆಲೊಡ್ರೋಮಿನಲ್ಲಿ, ಅಂದರೆ ಸೈಕಲ್ ರೇಸಿಗೇ ಕಟ್ಟಿದ ಟ್ರ್ಯಾಕಿನಲ್ಲಿ. ಅಲ್ಲಿ ಹಂಪು ಇಲ್ಲ, ನಾಯಿಯೂ ಇಲ್ಲ.

ಇಷ್ಟಾದರೂ 18 ಕಮ್ಮಿ ಅನ್ನಿಸಿದರೆ ಬ್ರೆವೆ, ಅಂದರೆ ಕೊಟ್ಟ ಸಮಯದೊಳಗೆ ಮುಗಿಸಬೇಕಾದ ದೂರದ ರೈಡು, ಅದರ ಲೆಕ್ಕ ನೋಡಿ. 200 ಕಿ.ಮೀ. ಬ್ರೆವೆ ಮುಗಿಸಲು ಹದಿಮೂರೂವರೆ ಗಂಟೆ ಕೊಡುತ್ತಾರೆ. ನಿಂತದ್ದು, ತಿಂದದ್ದು, ಪಂಕ್ಚರ್ ಎಲ್ಲ ಸೇರಿ ಗಂಟೆಗೆ ಸುಮಾರು 15. ದಿನವಿಡೀ 18ರಲ್ಲೇ ತುಳಿದರೂ ಹನ್ನೊಂದು ಗಂಟೆ ಚಿಲ್ಲರೆಯಲ್ಲಿ ದೂರ ಮುಗಿಯುತ್ತದೆ. ಉಳಿದ ಎರಡು ಗಂಟೆ ಚಿಲ್ಲರೆಯಲ್ಲಿ ಎರಡು ಸಲ ತಟ್ಟೆ ಇಡ್ಲಿ ತಿನ್ನಬಹುದು, ಟ್ಯೂಬೂ ಬದಲಿಸಬಹುದು.