ಮರದ ಹಮ್ಮಿಂಗ್‌ಬರ್ಡ್ ಕುತ್ತಿಗೆಗೆ ಲ್ಯಾಬ್ರಡೊರೈಟ್ ಕಲ್ಲು ಕೂರಿಸಿದ್ದು

ಧಾರವಾಡದ ನಮ್ಮ ಹಿತ್ತಲಿನ ದಾಸವಾಳಕ್ಕೆ ಬರುವುದು ಸೂರಕ್ಕಿ. ಅದರ ಹಾಗೇ ಹೂವಿನ ರಸ ಕುಡಿಯುವ ಪುಟ್ಟ ಹಕ್ಕಿ ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಆದರೂ ನಾನು ಮರದಲ್ಲಿ ಕೆತ್ತುವುದು ಅದನ್ನೇ. ಕಾರಣ ಅದರ ಕತ್ತಿನ ಬಣ್ಣ. ಗರಿಯೊಳಗಿನ ತೆಳು ಪದರಗಳಿಗೆ ಬೆಳಕು ತಾಗಿ ಆ ಹೊಳಪು ಬರುತ್ತದೆ. ಹಕ್ಕಿ ಸ್ವಲ್ಪ ತಿರುಗಿದರೆ ಕತ್ತು ಕಪ್ಪಾಗಿ ಕಾಣುತ್ತದೆ. ಪೇಂಟ್ ಹಚ್ಚಿದರೆ ಈ ಆಟ ಬರಲ್ಲ. ಲ್ಯಾಬ್ರಡೊರೈಟ್ ಕಲ್ಲಿನಲ್ಲಿ ಬರುತ್ತದೆ, ಅದರೊಳಗೂ ಅಂಥ ಪದರಗಳಿವೆ. ಈ ಕಲ್ಲಿನಲ್ಲಿ ನೀಲಿ ಜಾಸ್ತಿ. ಹಾಗಾಗಿ ಮೆಕ್ಸಿಕೋ ಕಡೆಯ, ನೀಲಿ ಕತ್ತಿನ ಬ್ರಾಡ್‌ಬಿಲ್ಡ್ ಹಮ್ಮಿಂಗ್‌ಬರ್ಡ್ ಆರಿಸಿಕೊಂಡೆ.

ಮೈಗೆ ಚೆನ್ನಾಗಿ ಒಣಗಿದ ಶಿವನಿ ಮರ. ಹಗುರ, ಉಳಿಗೆ ಒಗ್ಗುತ್ತದೆ. ರೆಕ್ಕೆಗಳನ್ನು ಬೇರೆಯಾಗಿ ಕೆತ್ತಿ ಕೂರಿಸುತ್ತೇನೆ. ಓಣಿಯ ಬಡಿಗೇರ ಕಾಕಾ ಹೇಳಿಕೊಟ್ಟಿದ್ದು ಇದು: "ಎಳಿ ಹೆಂಗ ಹೋಗತೈತಿ ನೋಡವಾ, ರೆಕ್ಕಿನೂ ಹಂಗ ಹೋಗಬೇಕು." ಎಳೆ ಅಡ್ಡ ಬಂದರೆ ತೆಳುವಾದ ರೆಕ್ಕೆ ಮುರಿದೇ ಹೋಗುತ್ತದೆ.

ನಿಜವಾದ ಕೆಲಸ ಕಲ್ಲಿನದು. ಲ್ಯಾಬ್ರಡೊರೈಟ್ ಎಲ್ಲ ದಿಕ್ಕಿನಿಂದಲೂ ಹೊಳೆಯಲ್ಲ. ಕಲ್ಲನ್ನು ನೀರಲ್ಲಿ ಅದ್ದಿ, ಒಂದೇ ದೀಪದ ಕೆಳಗೆ ನಿಧಾನವಾಗಿ ತಿರುಗಿಸಬೇಕು. ನೀಲಿ ಎದ್ದ ಮುಖಕ್ಕೆ ಗುರುತು ಹಾಕಿ, ಅದಕ್ಕೆ ಸಮಾಂತರವಾಗಿ ಕೊಯ್ಯಬೇಕು. ಕೋನ ತಪ್ಪಿದರೆ ಉಳಿಯುವುದು ಬರೀ ಬೂದು ಕಲ್ಲು. ಗಡಸುತನ, 1ರಿಂದ 10ರವರೆಗಿನ ಮೋಸ್ ಅಳತೆಯಲ್ಲಿ, 6ರಿಂದ 6.5. ಆದರೆ ಕೆಲವು ದಿಕ್ಕಿಗೆ ಸುಲಭವಾಗಿ ಸೀಳುವ ಗುಣವಿದೆ. ಒತ್ತಿ ಉಜ್ಜಬಾರದು. ಉಜ್ಜುವ ಕಾಗದದ ಗ್ರಿಟ್ (ನಂಬರ್ ಏರಿದಷ್ಟೂ ನಯ) 220, 400, 600, 1200 ಅಂತ ಏರಿಸುತ್ತಾ, ಕೊನೆಗೆ ಸೀರಿಯಂ ಆಕ್ಸೈಡ್ ಎಂಬ ಪಾಲಿಶ್ ಪುಡಿಯಲ್ಲಿ ಹೊಳಪು ಕೊಡುತ್ತೇನೆ. ಎಲ್ಲವೂ ನೀರು ಬಿಟ್ಟುಕೊಂಡೇ. ಮಾಸ್ಕ್ ಬೇಕೇ ಬೇಕು, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಈ ಹಕ್ಕಿಯ ಗಂಡಿಗೆ ಕೊಕ್ಕು ಕೆಂಪು, ತುದಿ ಕಪ್ಪು. ಅರ್ಥಿಂಗ್‌ಗೆ ಬಳಸುವ ದಪ್ಪ ತಾಮ್ರದ ತಂತಿ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸುತ್ತಿಗೆಯಿಂದ ಬಡಿದಷ್ಟೂ ತಾಮ್ರ ಗಟ್ಟಿಯಾಗುತ್ತದೆ. ಆಮೇಲೆ ಅರದಿಂದ ಚೂಪು ಮಾಡುತ್ತೇನೆ. ತಂತಿಯ ಒಂದು ತುದಿ ತಲೆಯೊಳಗಿಂದ ಎದೆಯವರೆಗೆ, ಇನ್ನೊಂದು ಮರದ ಹೂವಿನೊಳಗೆ. ಹಕ್ಕಿಯ ಭಾರವೆಲ್ಲ ಅದರ ಮೇಲೇ ನಿಲ್ಲುತ್ತದೆ, ಬೇರೆ ಸ್ಟ್ಯಾಂಡ್ ಬೇಡ. ಗಾಳಿಯಲ್ಲೇ ನಿಂತು ಮಕರಂದ ಹೀರುವ ಹಕ್ಕಿ ಅಲ್ವಾ, ಹಾಗೇ ಕಾಣಬೇಕು.

ಕಲ್ಲು ಕೂರುವ ಗುಳಿಗೆ ಎಣ್ಣೆ ತಾಗಬಾರದು, ಅರಾಲ್ಡೈಟ್ ಅಂಟು ಹಿಡಿಯಲ್ಲ. ಮೊದಲು ಕಲ್ಲು ಅಂಟಿಸಿ, ಒಂದು ದಿನ ಬಿಟ್ಟು, ಮರಕ್ಕೆ ಅಗಸೆ ಎಣ್ಣೆ ತೆಳುವಾಗಿ ಸವರುತ್ತೇನೆ. ಮೈಗೆ ಹಸಿರು ಬಣ್ಣ ಹಚ್ಚಿ ಅಂತ ಕೇಳುವವರಿದ್ದಾರೆ. ನಾನು ಹಚ್ಚಲ್ಲ. ಮರದ ಬಣ್ಣ ಸುಮ್ನೆ ಇದ್ದರೇನೇ ಕತ್ತಿನ ನೀಲಿಗೆ ಬೆಲೆ. ಮನೆಯಲ್ಲಿ ಇಡುವಾಗ ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳುವ ಜಾಗ ನೋಡಿ ಇಡಿ.