ಬೆನ್ನುಹುರಿ ಕಾಯಲು ನಾನು ಕೊಟ್ಟ ಔಷಧಿ, ನಿಲ್ಲಿಸಲು ಮರೆತ ಮಾತ್ರೆ

ಹೃದಯ ಮತ್ತು ದೊಡ್ಡ ರಕ್ತನಾಳಗಳ ಆಪರೇಷನ್‌ಗೆ ಅರಿವಳಿಕೆ ಕೊಡುವುದು ನನ್ನ ಕೆಲಸ. ಅದರಲ್ಲಿ ಇವತ್ತಿಗೂ ನನಗೆ ಭಯ ಹುಟ್ಟಿಸುವುದು ಎದೆಯಿಂದ ಹೊಟ್ಟೆಯವರೆಗೆ ಉಬ್ಬಿಕೊಂಡ ಅಯೋರ್ಟಾದ, ಅಂದರೆ ಹೃದಯದಿಂದ ಹೊರಡುವ ಮಹಾ ರಕ್ತನಾಳದ ಆಪರೇಷನ್. ಉಬ್ಬಿದ ಭಾಗ ಬಿಡಿಸಿ ಕೃತಕ ನಾಳ ಹೊಲಿಯುವಾಗ ರಕ್ತ ತಡೆಯುವ ಇಕ್ಕಳ, ಅಂದರೆ ಕ್ಲಾಂಪ್, ಹಾಕಲೇಬೇಕು. ಆದರೆ ಬೆನ್ನುಹುರಿಗೆ ರಕ್ತ ಕೊಡುವ ಸಣ್ಣ ಕವಲುಗಳು ಹೊರಡುವುದೂ ಅಲ್ಲಿಂದಲೇ. ಅವುಗಳಲ್ಲಿ ದೊಡ್ಡದು ಆಡಮ್ಕೀವಿಚ್ ನಾಳ. ರಕ್ತ ಸಾಲದೆ ಹೋದರೆ ರೋಗಿಯ ಜೀವ ಉಳಿಯುತ್ತದೆ, ಕಾಲಿನ ಸ್ವಾಧೀನ ಹೋಗುತ್ತದೆ. 1993ರಲ್ಲಿ ಹ್ಯೂಸ್ಟನ್‌ನ ಕ್ರಾಫರ್ಡ್ ತಂಡ ಈ ಆಪರೇಷನ್ ಆದ 1,509 ರೋಗಿಗಳ ವಿವರ ಪ್ರಕಟಿಸಿತು. ನೂರಕ್ಕೆ 16 ಮಂದಿಗೆ ಕಾಲಿನ ಶಕ್ತಿ ಕುಂದಿತ್ತು, ಇಲ್ಲವೇ ಪೂರ್ತಿ ಹೋಗಿತ್ತು.

ಶುರುವಿನಲ್ಲಿ ನಾನು ಬೆನ್ನುಹುರಿ ಕಾಯುವ ಔಷಧಿಗಳನ್ನು ತುಂಬಾ ನಂಬಿದ್ದೆ. ಕ್ಲಾಂಪ್‌ಗೆ ಮೊದಲು ಮೀಥೈಲ್‌ಪ್ರೆಡ್ನಿಸೊಲೋನ್, ಮ್ಯಾನಿಟಾಲ್, ಕೆಲವೊಮ್ಮೆ ಥಯೋಪೆಂಟೋನ್, ಮೆಗ್ನೀಸಿಯಂ. ನಲಾಕ್ಸೋನ್ ಕೊಡುವವರೂ ಇದ್ದರು, ಬೆನ್ನುಹುರಿಯ ಸುತ್ತ ಇರುವ ನೀರಿಗೇ ಪಾಪಾವರಿನ್ ಹಾಕುವವರೂ ಇದ್ದರು. ಪ್ರತಿಯೊಂದಕ್ಕೂ ಪ್ರಾಣಿಗಳ ಮೇಲಿನ ಪ್ರಯೋಗದ ಬೆಂಬಲ ಇತ್ತು. ಆದರೆ ಇವುಗಳಲ್ಲಿ ಯಾವುದೂ ಒಂಟಿಯಾಗಿ ಕಾಲು ಉಳಿಸುತ್ತದೆ ಅಂತ ನನಗೆ ಮನವರಿಕೆ ಆಗಲಿಲ್ಲ. ರಕ್ತವೇ ತಲುಪದ ಜಾಗಕ್ಕೆ ಔಷಧಿ ತಲುಪುವುದು ಹೇಗೆ, ಅಲ್ವಾ?

ಲೆಕ್ಕ ಸರಳ. ಸರಾಸರಿ ಬಿಪಿಯಿಂದ ಬೆನ್ನುಹುರಿಯ ನೀರಿನ ಒತ್ತಡ ಕಳೆಯಿರಿ. ಉಳಿಯುವುದೇ ರಕ್ತವನ್ನು ಹುರಿಯೊಳಗೆ ನುಗ್ಗಿಸುವ ಒತ್ತಡ. ಅದಕ್ಕೇ ಸೊಂಟದಲ್ಲಿ ಡ್ರೈನ್, ಅಂದರೆ ಸಣ್ಣ ಕೊಳವೆ, ಇಟ್ಟು ನೀರು ಇಳಿಸುತ್ತೇವೆ. 2002ರಲ್ಲಿ ಕೊಸೆಲ್ಲಿ ತಂಡ 145 ರೋಗಿಗಳಲ್ಲಿ ಇದನ್ನು ಹೋಲಿಸಿ ನೋಡಿತು. ಡ್ರೈನ್ ಇಲ್ಲದವರಲ್ಲಿ ಶೇಕಡಾ 13 ಮಂದಿಯ ಕಾಲಿಗೆ ತೊಂದರೆ ಆಯಿತು. ಇದ್ದವರಲ್ಲಿ 2.6. ಇದೇ ಕಾರಣಕ್ಕೆ ಕ್ಲಾಂಪ್ ಹೊತ್ತಿನಲ್ಲಿ ಬಿಪಿ ಏರಿದರೂ ಅದನ್ನು ಇಳಿಸುವ ನೈಟ್ರೊಪ್ರಸೈಡ್ ಮುಟ್ಟಲು ನಾನು ಹಿಂಜರಿಯುತ್ತೇನೆ. ಅದು ಕ್ಲಾಂಪ್‌ನ ಕೆಳಗಿನ ಒತ್ತಡ ಇಳಿಸುತ್ತದೆ, ಹುರಿಯ ನೀರಿನ ಒತ್ತಡ ಏರಿಸುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದೆ.

ಅವರು ಅರವತ್ತು ದಾಟಿದ ರೈತರು. ಆಪರೇಷನ್ ಚೆನ್ನಾಗಿ ಆಯಿತು. ಎಚ್ಚರವಾದಾಗ ಎರಡೂ ಕಾಲು ಆಡಿಸಿದರು. ಹೊರಗೆ ಕಾಯುತ್ತಿದ್ದ ಮಗನಿಗೆ ಸಂತೋಷದಿಂದ ಹೇಳಿ ಬಂದೆ. ಎರಡನೇ ರಾತ್ರಿ ಮೂರು ಗಂಟೆಗೆ ಐಸಿಯು ಸಿಸ್ಟರ್ ಕರೆದರು. ಗಂಟೆಗೊಮ್ಮೆ ಕಾಲು ಎತ್ತಿಸಿ ನೋಡುವುದು ಅವರ ಕೆಲಸ. ನಾನು ಹೋಗಿ, "ಯಜಮಾನ್ರೇ, ಎಡಗಾಲು ಎತ್ತಿ ನೋಡೋಣ" ಅಂದೆ. "ಎತ್ತುತಾನೇ ಇದೀನಿ ಸಾರ್" ಅಂದರು. ಕಾಲು ಅಲುಗಲಿಲ್ಲ. ಬಲಗಾಲು ಬರೀ ಹಾಸಿಗೆ ಮೇಲೆ ಜರುಗಿತು.

ಸರಾಸರಿ ಬಿಪಿ 62. ನೀರಿನ ಒತ್ತಡ 17. ಉಳಿದದ್ದು 45. ಚಾರ್ಟ್ ನೋಡಿದೆ. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಬಿಪಿ ಮಾತ್ರೆ ಬೆಳಿಗ್ಗೆಯಿಂದ ಮತ್ತೆ ಶುರುವಾಗಿತ್ತು. ಹಳೆಯ ಔಷಧಿಗಳ ಪಟ್ಟಿಗೆ ಸಹಿ ಹಾಕಿದ್ದವನು ನಾನೇ. ಅದೊಂದನ್ನು ಹೊಡೆದು ಹಾಕಿರಲಿಲ್ಲ.

ಬಿಪಿ ಹೆಚ್ಚಿಸುವ ನಾರ್‌ಅಡ್ರಿನಲಿನ್ ಏರಿಸಿದೆವು. ಡ್ರೈನ್ ತೆರೆದು ನಿಧಾನವಾಗಿ ನೀರು ಬಿಟ್ಟೆವು. ಆ ಹೊತ್ತಿನಲ್ಲಿ ಆತುರ ತಡೆಯುವುದು ಕಷ್ಟ, ಆದರೆ ತಡೆಯಲೇಬೇಕು. ಒಮ್ಮೆಲೇ ಜಾಸ್ತಿ ಬಿಟ್ಟರೆ ತಲೆಯೊಳಗೆ ರಕ್ತಸ್ರಾವ ಆಗಬಹುದು. ಹಿಮೋಗ್ಲೋಬಿನ್ ಕಡಿಮೆ ಇತ್ತು, ರಕ್ತ ಕೊಟ್ಟೆವು. ಆಮ್ಲಜನಕ ಹೆಚ್ಚಿಸಿದೆವು. ಮುಕ್ಕಾಲು ಗಂಟೆಯಲ್ಲಿ ಬಿಪಿ 95, ನೀರಿನ ಒತ್ತಡ 10. ಈಗ 85 ಉಳಿಯಿತು. ಡ್ರೈನ್ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದ್ದರೂ ಕಾಲು ಹೀಗೇ ಸೋಲುತ್ತದೆ. ಅದಕ್ಕೆ ಎಂಆರ್‌ಐ ಮಾಡಿಸಿದೆವು, ಹೆಪ್ಪು ಇರಲಿಲ್ಲ.

ಬೆಳಿಗ್ಗೆ ಆರಕ್ಕೆ ಬಲ ಮಂಡಿ ಮಡಚಿದರು. ಎಂಟಕ್ಕೆ ಎಡಗಾಲಿನ ಹೆಬ್ಬೆರಳು ಅಲುಗಿತು. ಅದನ್ನು ಮೊದಲು ಕಂಡವರು ಸಿಸ್ಟರ್, "ಸಾರ್, ನೋಡಿ ನೋಡಿ" ಅಂತ ಕೂಗಿದರು. ನಾರ್‌ಅಡ್ರಿನಲಿನ್ ಪೂರ್ತಿ ಇಳಿಸಲು ಮೂರು ದಿನ ಹಿಡಿಯಿತು.

ರಾತ್ರಿ ಏನಾಯಿತು ಅಂತ ಮಗನಿಗೆ ಎಲ್ಲ ಹೇಳಿದೆ, ಮಾತ್ರೆಯ ವಿಷಯವನ್ನೂ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈಗ ಆ ಮಾತ್ರೆ ನಿಲ್ಲಿಸಿದೀರಲ್ವಾ ಸಾರ್?" ಅಂತ ಕೇಳಿದರು.

ಈಗ ಅಯೋರ್ಟಾ ರೋಗಿಗಳ ಚಾರ್ಟ್‌ನಲ್ಲಿ ಬಿಪಿ ಮಾತ್ರೆಗಳ ಮೇಲೆ ನಾನೇ ಕೆಂಪು ಗೆರೆ ಎಳೆಯುತ್ತೇನೆ. ಹಾಸಿಗೆಯ ತಲೆಕಡೆ ದೊಡ್ಡದಾಗಿ ಬರೆಸುತ್ತೇನೆ: ಸರಾಸರಿ ಬಿಪಿ 90ಕ್ಕಿಂತ ಇಳಿದರೆ ನನಗೆ ಫೋನ್ ಮಾಡಿ, ಎಷ್ಟು ಹೊತ್ತಾದರೂ ಸರಿ. ಆ ಯಜಮಾನರು ವಾಕರ್ ಹಿಡಿದು ಮನೆಗೆ ಹೋದರು. ಎಡ ಪಾದ ಸ್ವಲ್ಪ ಎಳೆಯುತ್ತಿತ್ತು.